ಎಲ್ಲಿತನ ಬಂದೈತಿ?

ಹೊಸದಾಗಿ ಜೋಡಿಸಿದ ಕಂಪ್ಯೂಟರಿನ ಬಟನ್ ಒತ್ತಿದಾಗ ಏನೂ ಆಗದಿದ್ದರೆ ಅಷ್ಟು ಭಯವಿಲ್ಲ. ಕರೆಂಟಿನ ಕಡೆ ನೋಡಿದರಾಯಿತು. ಆದರೆ ಫ್ಯಾನ್ ತಿರುಗಿ, ಲೈಟು ಹತ್ತಿ, ಮಾನಿಟರ್ ಮಾತ್ರ ‘ನೋ ಸಿಗ್ನಲ್’ ಅಂತ ತೋರಿಸಿ ಕಪ್ಪಾಗಿ ಕೂತರೆ ಪ್ರತಿಯೊಂದು ಭಾಗದ ಮೇಲೂ ಅನುಮಾನ ಶುರುವಾಗುತ್ತದೆ.

ನಮ್ಮೂರು ಕಾನಹೊಸಹಳ್ಳಿ. ಚಿತ್ರದುರ್ಗದಿಂದ ಹೊಸಪೇಟೆ ಕಡೆ ಬಸ್ಸಿನಲ್ಲಿ ಹೋದವರು ಕೂಡ್ಲಿಗಿಗೆ ಮುಂಚೆ ಹೈವೇ ಪಕ್ಕದಲ್ಲಿ ನೋಡಿರುತ್ತೀರಿ. ಐದನೇ ಸೆಮ್ ಮುಗಿದ ರಜೆಯಲ್ಲಿ ಅಪ್ಪ ಶೇಂಗಾ ಮಾರಿದ ದುಡ್ಡಿನಿಂದ 35,000 ಕೊಟ್ಟಿದ್ದರು. ಪ್ರಾಜೆಕ್ಟಿಗೆ ನನಗೂ, ಮುಂದೆ ತಂಗಿಗೂ ಆಗಲಿ ಅಂತ. ಬೆಂಗಳೂರಿನ ಒಂದು ಅಂಗಡಿಯಿಂದ ರೈಜೆನ್ 5600ಜಿ, ಬಿ550 ಬೋರ್ಡು, 8 ಜಿಬಿಯ ಎರಡು ರ್‍ಯಾಮ್ ತಂದು, ಮ್ಯಾನುಯಲ್ ಪಕ್ಕದಲ್ಲಿಟ್ಟುಕೊಂಡು ನಡುಮನೆಯಲ್ಲೇ ಜೋಡಿಸಿದೆ. ಬಟನ್ ಒತ್ತಿದೆ. ಕಪ್ಪು.

ಅಮ್ಮ “ನಮ್ ಟಿವಿಗೆ ಹಾಕಿ ನೋಡಪ” ಅಂದರು. ಒಳ್ಳೆಯ ಐಡಿಯಾನೇ. ಎಚ್‌ಡಿಎಂಐ ಕೇಬಲ್ಲನ್ನು ಟಿವಿಗೆ ಹಾಕಿದೆ. ಅಲ್ಲೂ ಕಪ್ಪು. ಮಾನಿಟರ್ ಮೇಲಿನ ಅನುಮಾನ ಹೋಯಿತು. ಅಂಗಡಿಗೆ ಫೋನ್ ಮಾಡಿದರೆ, “ಬೋರ್ಡೇ ಹೋಗಿರಬೇಕು, ಎಲ್ಲಾ ತಗೊಂಡು ಬನ್ನಿ, ಚೆಕಿಂಗ್ ಚಾರ್ಜ್ ಬೇರೆ” ಅಂದರು. ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಒಂದು ಬೆಳೆಯ ದುಡ್ಡು ನಡುಮನೆಯಲ್ಲಿ ಸುಮ್ಮನೆ ಗುಂಯ್ ಅನ್ನುತ್ತಾ ಕೂತಿತ್ತು.

ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಕೇಳಿದರು: “ಬರ್ಲಿಲ್ಲ ಬರ್ಲಿಲ್ಲ ಅಂತೀಯಲ್ಲ, ಎಲ್ಲಿತನ ಬಂದೈತಿ ಅದನ್ನ ಹೇಳು.”

ಅದು ಬೋರ್‌ವೆಲ್ ಇರುವವರ ಪ್ರಶ್ನೆ. ನೀರು ಬರದಿದ್ದರೆ ಯಾರೂ ಮೊದಲೇ ಗಾಡಿ ಕರೆಸಿ ಮೋಟಾರ್ ಮೇಲೆತ್ತಿಸುವುದಿಲ್ಲ, ಅದಕ್ಕೆ ಸಾವಿರಗಟ್ಟಲೆ ಖರ್ಚು. ಮೊದಲು ಟಿಸಿ, ಆಮೇಲೆ ಫ್ಯೂಸ್, ಆಮೇಲೆ ಸ್ಟಾರ್ಟರ್ ಡಬ್ಬಿಯ ಮೂರು ದೀಪ. ಒಂದು ಫೇಸ್ ಇಲ್ಲದಿದ್ದರೂ ಮೋಟಾರ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಕರೆಂಟು ಎಲ್ಲಿತನಕ ಬಂದಿದೆ ಅಂತ ಗೊತ್ತಾದರೆ ಕೆಟ್ಟಿದ್ದು ಅದರ ಆಚೆ ಕಡೆ ಇದೆ ಅಂತ ಅರ್ಥ.

ಕಂಪ್ಯೂಟರೂ ಹಾಗೇ. ಬಟನ್ ಒತ್ತಿದ ಮೇಲೆ ಎಸ್‌ಎಂಪಿಎಸ್ 12, 5, 3.3 ವೋಲ್ಟ್ ಸರಿಯಾಗಿದೆ ಅಂತ ಬೋರ್ಡಿಗೆ ಸಿಗ್ನಲ್ ಕೊಡುತ್ತದೆ. ಆಮೇಲೆ ಪ್ರೊಸೆಸರ್ ಎದ್ದು ಬಯಾಸ್ ಚಿಪ್ಪಿನಿಂದ ಮೊದಲ ಸೂಚನೆ ಓದುತ್ತದೆ. ಆಮೇಲೆ ರ್‍ಯಾಮ್ ಪರೀಕ್ಷೆ, ಆಮೇಲೆ ಗ್ರಾಫಿಕ್ಸ್. ಇದಕ್ಕೆ ‘ಪೋಸ್ಟ್’ ಅಂತಾರೆ, ಅಂದರೆ ಪವರ್ ಆನ್ ಸೆಲ್ಫ್ ಟೆಸ್ಟ್. ಪಂಕ್ತಿಯಲ್ಲಿ ಡಿಸ್‌ಪ್ಲೇ ಕೊನೆಗೆ ಕೂತಿದೆ. ಫ್ಯಾನ್ ತಿರುಗಿದರೆ 12 ವೋಲ್ಟ್ ಬಂದಿದೆ ಅಂತ ಮಾತ್ರ ಅರ್ಥ. 1981ರ ಐಬಿಎಂ ಪಿಸಿಯಲ್ಲಿ ಪರೀಕ್ಷೆ ಪಾಸಾದರೆ ಒಂದು ಸಣ್ಣ ಬೀಪ್ ಬರುತ್ತಿತ್ತು. ಈಗಿನ ಎಷ್ಟೋ ಬೋರ್ಡುಗಳಲ್ಲಿ ಅದರ ಬದಲು ನಾಲ್ಕು ಪುಟ್ಟ ದೀಪ ಇರುತ್ತವೆ: ಸಿಪಿಯು, ಡಿರ್‍ಯಾಮ್, ವಿಜಿಎ, ಬೂಟ್. ನಮ್ಮ ಸ್ಟಾರ್ಟರ್ ಡಬ್ಬಿಯ ದೀಪಗಳ ಹಾಗೆ.

ಕ್ಯಾಬಿನೆಟ್ ಮುಚ್ಚಳ ತೆಗೆದು ನೋಡಿದೆ. ಸಿಪಿಯು ದೀಪ ಹತ್ತಿ ಆರಿತು. ಡಿರ್‍ಯಾಮ್ ದೀಪ ಹತ್ತಿದ್ದು ಆರಲೇ ಇಲ್ಲ.

“ರ್‍ಯಾಮ್‌ತನ ಬಂದೈತಿ” ಅಂದೆ.

ಆಮೇಲಿನದು ನಾವು ಲ್ಯಾಬಿನಲ್ಲಿ ಬರೆಯುವ ಟ್ರುತ್ ಟೇಬಲ್ ಅಷ್ಟೇ. ಪ್ರತಿ ಸಲ ಪ್ಲಗ್ ಕಿತ್ತು, ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ರ್‍ಯಾಮ್, ಪ್ರೊಸೆಸರಿನಿಂದ ಎಣಿಸಿದರೆ ಎರಡನೇ ಮತ್ತು ನಾಲ್ಕನೇ ಸ್ಲಾಟ್. ಮೊದಲನೇ ರ್‍ಯಾಮ್ ಒಂದನ್ನೇ ಎರಡನೇ ಸ್ಲಾಟಿಗೆ ಹಾಕಿದೆ: ಕಪ್ಪು. ನಾಲ್ಕನೆಯದಕ್ಕೆ: ಕಪ್ಪು. ಇನ್ನೊಂದು ರ್‍ಯಾಮನ್ನು ಎರಡನೇ ಸ್ಲಾಟಿಗೆ ಹಾಕಿದಾಗ ಬಯಾಸ್ ಪರದೆ ಬಂತು. ತಂಗಿ ಕೂಗಿದ ಕೂಗಿಗೆ ಪಕ್ಕದ ಮನೆಯವರು ಬಂದರು. ಅಲ್ಲಿಗೇ ನಿಲ್ಲಿಸದೆ ಅದನ್ನು ನಾಲ್ಕನೇ ಸ್ಲಾಟಿಗೂ ಹಾಕಿದೆ. ಅಲ್ಲೂ ಬಂತು. ಅಂದಮೇಲೆ ಸ್ಲಾಟ್ ಸರಿ, ಬೋರ್ಡು ಸರಿ, ಕೆಟ್ಟಿದ್ದು ಒಂದೇ ರ್‍ಯಾಮ್. ಈ ಕೊನೆಯ ಪರೀಕ್ಷೆ ಬಿಟ್ಟಿದ್ದರೆ ನಾಲ್ಕನೇ ಸ್ಲಾಟಿನ ಮೇಲೆ ಅನುಮಾನ ಉಳಿಯುತ್ತಿತ್ತು.

ನಾಲ್ಕೂ ಸಲದ್ದನ್ನು ತಂಗಿ ವಿಡಿಯೋ ಮಾಡಿದ್ದಳು. ಅದನ್ನು ಅಂಗಡಿಗೆ ಕಳಿಸಿದೆ. ಆಮೇಲೆ ಬೋರ್ಡಿನ ಮಾತೂ ಇಲ್ಲ, ಚಾರ್ಜಿನ ಮಾತೂ ಇಲ್ಲ. “ಆ ರ್‍ಯಾಮ್ ಒಂದನ್ನೇ ಕೊರಿಯರ್ ಮಾಡಿ” ಅಂದರು. ಬದಲಿ ಬರುವ ತನಕ 8 ಜಿಬಿಯಲ್ಲೇ ಓಡಿಸಿದೆವು. ಅಪ್ಪ ಆ ಸಂಜೆ ಪರದೆ ಮುಂದೆ ಕೂತು ಮೌಸ್ ಹಿಡಿದು ಸ್ವಲ್ಪ ಹೊತ್ತು ಬಾಣ ಓಡಾಡಿಸಿದರು. ಆಮೇಲೆ ತೋಟಕ್ಕೆ ಹೋದರು, ರಾತ್ರಿ ಪಾಳಿಯ ತ್ರೀ ಫೇಸ್ ಇತ್ತು.

ಹಾಸ್ಟೆಲ್ಲಿನಲ್ಲಿ ಯಾರದಾದರೂ ಹೊಸ ಪಿಸಿ ಹೀಗೆ ಕಪ್ಪಾಗಿ ಕೂತರೆ ಒಟ್ಟಿಗೆ ಐದು ವಯರ್ ಕೀಳಬೇಡಿ. ಡಿಡಿಆರ್5 ಬೋರ್ಡಾದರೆ ಮೊದಲ ಸಲ ಕೆಲವು ನಿಮಿಷ ಕಾಯಿರಿ. ರ್‍ಯಾಮ್ ಜೊತೆ ಹೊಂದಿಕೊಳ್ಳುವ ತನಕ ಅದು ಕಪ್ಪಾಗೇ ಇರುತ್ತದೆ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಕಾರ್ಡಿಗೇ ಹೋಗಿದೆಯಾ ನೋಡಿ. ಪ್ರೊಸೆಸರ್ ಪಕ್ಕದ ಎಂಟು ಪಿನ್ನಿನ ಪವರ್ ಕೇಬಲ್ ಪೂರ್ತಿ ಕೂತಿದೆಯಾ ನೋಡಿ. ಆಮೇಲೆ ಆ ನಾಲ್ಕು ದೀಪ ನೋಡಿ, ಎಲ್ಲಿತನ ಬಂದೈತಿ ಅಂತ.