ಅವ್ವನ ಹಳೇ ಫೋನು, ಅಪ್ಪನ ದನಿ

ನಮ್ಮವ್ವ ಗುಬ್ಬೀಲಿ ಒಬ್ಬಳೇ ಇರೋದು. ನಾನು ತುಮಕೂರಲ್ಲಿ, ತಂಗಿ ಕುಣಿಗಲ್ಲಲ್ಲಿ. ದಿನಾ ಮೂರು ಮನೆ ಸೇರೋದು ವಾಟ್ಸಾಪಲ್ಲೇ. ಅವ್ವನ ಕೈಲಿದ್ದದ್ದು ಅಪ್ಪ ಬಿಟ್ಟೋದ ಫೋನು. ಗಾಜು ಸೀಳಿತ್ತು. ಹೊಸದು ಕೊಡಿಸ್ತೀನಿ ಅಂದ್ರೆ ಬ್ಯಾಡ ಅಂತಿದ್ಲು.

2023ರ ದಸರಾಕ್ಕೆ ಮುಂಚೆ ಎರಡು ಮೂರು ಸಲ ಹೇಳಿದ್ಲು, "ಇದ್ರಲ್ಲಿ ಇಂಗ್ಲೀಷಲ್ಲಿ ಅದೇನೋ ಬತ್ತದೆ ಕಣೆ." "ಓಕೆ ಒತ್ತವ್ವ, ಹೋಯ್ತದೆ" ಅಂದೆ. ಓದಿ ನೋಡೋ ಪುರುಸೊತ್ತು ನಂಗಿರ್ಲಿಲ್ಲ. ಆಯುಧಪೂಜೆ ದಿನ ಈಳಿಗೆಮಣೆ, ಹೊಲಿಗೆ ಮಿಷನ್ ಜೊತೆ ಫೋನಿಗೂ ಕುಂಕುಮ ಇಟ್ಟಿದ್ಲು. ಮಾರನೇ ದಿನ ವಿಜಯದಶಮಿ, ಅಕ್ಟೋಬರ್ 24. ಆಂಡ್ರಾಯ್ಡ್ 5ಕ್ಕಿಂತ ಹಳೇ ಫೋನುಗಳಿಗೆ ವಾಟ್ಸಾಪ್ ಬೆಂಬಲ ನಿಲ್ಲೋ ದಿನಾನೂ ಅದೇ. ಅವ್ವಂದು 4.4. ಹಬ್ಬ ಕಳೆದು ಒಂದಿನ ತೆಗೆದ್ರೆ ಒಳಗೇ ಬಿಡ್ತಿಲ್ಲ.

"ಫೋನು ಕೆಟ್ಟಿಲ್ಲ, ಮತ್ಯಾಕೆ?" ಅಂದ್ಲು. "ನಮ್ಮ ಹಳೇ ಮಿಕ್ಸಿ ತಿರುಗ್ತದೆ, ಜಾರ್ ಸಿಗಲ್ಲ ನೋಡು, ಅಂಗೆ" ಅಂದೆ. ಹಳೇದನ್ನ ಬಳಸೋರು ಕಮ್ಮಿ ಆಗ್ತಾರೆ. ಹೊಸ ಭದ್ರತೆಗೆ ಬೇಕಾದ್ದು ಹಳೇ ಫೋನಲ್ಲಿ ಇರಲ್ಲ. ಅದಕ್ಕೇ ಆಪ್ ಮಾಡೋರು ಒಂದು ಗಡುವು ಹಾಕಿ ಮುಂಚೇನೇ ತಿಳಿಸ್ತಾರೆ. ತಿಳಿಸಿದ್ರು, ಓದದೇ ಇದ್ದೋಳು ನಾನು.

ಅವ್ವ ಸ್ವಲ್ಪ ಹೊತ್ತು ಸುಮ್ನಿದ್ದು, "ನಿಮ್ಮಪ್ಪ ಮಾತಾಡಿರೋದೆಲ್ಲ ಅದ್ರೊಳಗೇ ಐತಲ್ಲೇ" ಅಂದ್ಲು. ಫೋನು ಯಾಕೆ ಬದಲಾಯ್ಸಲ್ಲ ಅಂತಿದ್ಲು ಅನ್ನೋದು ನಂಗೆ ಗೊತ್ತಾಗಿದ್ದು ಆವಾಗ.

ಪಕ್ಕದ ಮನೆ ಹುಡುಗ ಬಂದು ಫೈಲ್ ಮ್ಯಾನೇಜರ್ ತೆಗೆದ. ವಾಟ್ಸಾಪ್ ಫೋಲ್ಡರು, ಅದ್ರಲ್ಲಿ ಮೀಡಿಯಾ, ಅದ್ರಲ್ಲಿ ವಾಯ್ಸ್ ನೋಟ್ಸ್. ಆಪ್ ನಿಂತ್ರೂ ದನಿಗಳು ಅಲ್ಲೇ ಕೂತಿದ್ವು. ಎಲ್ಲಾನೂ ಮೆಮೊರಿ ಕಾರ್ಡಿಗೆ ಹಾಕ್ದ. ಒಂದನ್ನ ಒತ್ತಿದ್ರೆ ಅಪ್ಪ: "ಬಸ್ ಹತ್ತಿದ್ಯೇನವ್ವ? ಕಾಯಿ ಚೀಲ ಇಲ್ಲೇ ಬಿಟ್ಟೋಗಿದ್ದೀಯಲ್ಲ!" ಅವ್ವ ನಗ್ತಾ ನಗ್ತಾ ಸೆರಗಲ್ಲಿ ಕಣ್ಣು ಒರೆಸ್ಕೊಂಡ್ಲು.

ನಿಮ್ಮ ಮನೇಲೂ ಅತ್ತೆ, ಅಜ್ಜಿ ಹಳೇ ಫೋನು ಇಟ್ಕೊಂಡಿದ್ರೆ ಸೆಟ್ಟಿಂಗ್ಸಲ್ಲಿ 'ಅಬೌಟ್ ಫೋನ್' ತೆಗೆದು ಆಂಡ್ರಾಯ್ಡ್ ಎಷ್ಟನೇದು ಅಂತ ನೋಡ್ರಮ್ಮ. ಬೇಕಾದ್ದನ್ನ ಕಾಪಿ ಮಾಡ್ಕೊಳ್ದೆ ಆಪ್ ಅಳಿಸ್ಬೇಡಿ. ಹೊಸದು ಕೊಳ್ಳೋವಾಗ ಅಪ್‌ಡೇಟ್ ಎಷ್ಟು ವರ್ಷ ಬತ್ತದೆ ಅಂತ ಕೇಳಿ. ಕೆಲವು ದುಬಾರಿ ಫೋನಿಗೆ ಈಗ 7 ವರ್ಷ ಕೊಡ್ತಾರೆ. ಅವರು "ಅದೇನೋ ಬತ್ತದೆ" ಅಂದ್ರೆ ನನ್ನಂಗೆ ಓಕೆ ಒತ್ತಿಸ್ಬೇಡಿ, ಒಂದ್ನಿಮಿಷ ಕೂತು ಓದಿ ಹೇಳಿ.