ದಾರಿಯ ಕೊನೆಯ ಮನೆ

ಐವತ್ತು ದಾಟಿದವರಿಗೆ ವೈದ್ಯರು ಹೇಳುವ ಮಾತುಗಳಲ್ಲಿ ಹೆಚ್ಚಿನ ವೈವಿಧ್ಯವಿರುವುದಿಲ್ಲ. ಅನ್ನ ಕಡಿಮೆ ಮಾಡಿ, ಸಿಹಿ ಬಿಡಿ, ದಿನವೂ ಒಂದಿಷ್ಟು ನಡೆಯಿರಿ. ನನಗೂ ಅದನ್ನೇ ಹೇಳಿದರು. ಮೊಣಕಾಲು ನೋವಿದೆ, ನಡೆಯಲಾಗದು ಎಂದಾಗ, ಹಾಗಾದರೆ ಸೈಕಲ್ ತುಳಿಯಿರಿ ಎಂದರು. ಅದೇ ಹೊತ್ತಿಗೆ ಬೆಂಗಳೂರಿನಲ್ಲಿದ್ದ ಅಕ್ಕನ ಮಗ ಉದ್ಯೋಗದ ನಿಮಿತ್ತ ವಿದೇಶಕ್ಕೆ ಹೊರಟು, ತನ್ನ ಸೈಕಲನ್ನು ನನ್ನಲ್ಲಿ ಬಿಟ್ಟುಹೋದ. "ಮಾಮ, ಇದು ಗ್ರ್ಯಾವೆಲ್ ಬೈಕ್. ಮಣ್ಣು ರಸ್ತೆ, ಜಲ್ಲಿ ರಸ್ತೆ ಯಾವುದಕ್ಕೂ ಹೆದರಬೇಡಿ" ಎಂದ. ಹೀಗೆ 2021ರ ಅಕ್ಟೋಬರ್ ತಿಂಗಳಲ್ಲಿ, ಸಾಗರ ತಾಲ್ಲೂಕಿನಲ್ಲಿ ಸೇವೆಯಲ್ಲಿದ್ದ ನಾನು, ಎಷ್ಟೋ ವರ್ಷಗಳ ನಂತರ ಮತ್ತೆ ಸೈಕಲ್ ಏರಿದೆ.

ನೋಡಲು ಅದು ಪಂದ್ಯದ ಸೈಕಲಿನಂತೆಯೇ ಇದೆ. ಹಿಡಿಕೆ ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದೆ. ಆದರೆ ಟೈರು ಅಗಲ, ಸುಮಾರು 40 ಮಿಲಿಮೀಟರ್. ಗಾಳಿಯನ್ನೂ ಬಿಗಿಯಾಗಿ ತುಂಬಬಾರದು. ಟೈರು ಸ್ವಲ್ಪ ಮೆತ್ತಗಿದ್ದರೆ ಕಲ್ಲಿನ ಏಟನ್ನು ತಾನೇ ನುಂಗಿಕೊಳ್ಳುತ್ತದೆ. ಬಿಗಿಯಾಗಿದ್ದರೆ ಪ್ರತಿ ಕಲ್ಲಿಗೂ ಪುಟಿದು ಸವಾರನ ಎಲುಬಿಗೆ ವರದಿ ಒಪ್ಪಿಸುತ್ತದೆ. ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾ ಎಂಬ ಊರಿನಲ್ಲಿ 2006ರಿಂದ ಜಲ್ಲಿ ರಸ್ತೆಗಳ ಮೇಲೆ ಸುಮಾರು 320 ಕಿಲೋಮೀಟರುಗಳ ಓಟ ನಡೆಯುತ್ತ ಬಂದಿದೆ. 2022ರಲ್ಲಿ ಇಟಲಿಯಲ್ಲಿ ಈ ಬಗೆಯ ಸವಾರಿಗೆ ಮೊದಲ ವಿಶ್ವ ಚಾಂಪಿಯನ್‌ಷಿಪ್ ಕೂಡ ನಡೆಯಿತು. ಇದನ್ನೆಲ್ಲ ಓದಿದಾಗ ನನಗೆ ನಗು ಬಂತು. ನಮ್ಮ ಮಲೆನಾಡಿನ ಅಂಚೆಯವರು, ಹಾಲಿನವರು ಯಾವ ಪದಕದ ಆಸೆಯೂ ಇಲ್ಲದೆ ಇದೇ ಸವಾರಿಯನ್ನು ತಲೆಮಾರುಗಳಿಂದ ಮಾಡುತ್ತ ಬಂದವರಲ್ಲವೇ?

ಶರಾವತಿಯ ಕಣಿವೆಯನ್ನು ನೀವು ನೋಡಿರಬಹುದು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಕಡಲು ಸೇರುವ ಈ ನದಿ ಜೋಗದಲ್ಲಿ 253 ಮೀಟರ್ ಆಳಕ್ಕೆ ಧುಮುಕುತ್ತದೆ. ಹೆಚ್ಚಿನವರು ಆ ಜಲಪಾತವನ್ನಷ್ಟೇ ಕಂಡು ಹಿಂತಿರುಗುತ್ತಾರೆ. ಅದರ ಮೇಲ್ಭಾಗದಲ್ಲಿ, 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಕಣಿವೆ ಕಣಿವೆಗೂ ಕೈಚಾಚಿ ಮಲಗಿದೆ. ನೀರಿನ ಅಂಚಿನಿಂದ ಗುಡ್ಡ, ಗುಡ್ಡದ ಮೇಲೆ ಮತ್ತಿ, ನಂದಿ, ಹೊನ್ನೆಯ ಕಾಡು, ತಗ್ಗಿನಲ್ಲಿ ಅಡಿಕೆ ತೋಟ, ಅದರ ಅಂಚಿಗೆ ಒಂದೆರಡು ಮನೆ. ಈ ಮನೆಗಳನ್ನೆಲ್ಲ ಪೋಣಿಸುವ ದಾರ ಎಂದರೆ ಕೆಂಪು ಮಣ್ಣಿನ ದಾರಿ.

ಆ ದಾರಿಯಲ್ಲಿ ಸೈಕಲ್ ನನಗೆ ಕೆಲವು ಪಾಠ ಕಲಿಸಿತು. ಜಂಬಿಟ್ಟಿಗೆಯ ಸಣ್ಣ ಹರಳುಗಳು ಚಕ್ರದ ಕೆಳಗೆ ಗೋಲಿಯಂತೆ ಉರುಳುತ್ತವೆ. ತಿರುವಿನ ನಡುವೆ ಮುಂದಿನ ಬ್ರೇಕ್ ಒತ್ತಿದವನು ನೆಲ ಸೇರುತ್ತಾನೆ. ವೇಗವನ್ನು ತಿರುವಿಗೆ ಮೊದಲೇ ತಗ್ಗಿಸಬೇಕು. ಹಿಡಿಕೆಯನ್ನು ಬಿಗಿಯಾಗಿ ಹಿಡಿದಷ್ಟೂ ಸೈಕಲ್ ಹಠ ಮಾಡುತ್ತದೆ. ಕೈ ಸಡಿಲ ಬಿಟ್ಟರೆ ತನ್ನ ಜಾಡನ್ನು ತಾನೇ ಹುಡುಕಿಕೊಳ್ಳುತ್ತದೆ. ಕಲ್ಲನ್ನೇ ನೋಡುತ್ತ ಹೋದರೆ ಕಲ್ಲಿಗೇ ಹೋಗಿ ಬಡಿಯುತ್ತೇವೆ. ಹೋಗಬೇಕಾದ ಕಡೆಗೆ ಕಣ್ಣಿಡಬೇಕು. ಇದನ್ನೆಲ್ಲ ನಾನು ಎರಡು ಬಾರಿ ಬಿದ್ದು, ಮೊಣಕೈ ತರಚಿಕೊಂಡು ಕಲಿತೆ. ಹಳ್ಳ ಬಂದಲ್ಲಿ ಅಡಿಕೆ ಮರದ ಕಾಲುಸಂಕ. ಅಲ್ಲಿ ಸೈಕಲನ್ನು ಹೆಗಲಿಗೇರಿಸಿಕೊಂಡು, ಪಾದವನ್ನು ಅಡ್ಡ ಇಟ್ಟು ದಾಟಬೇಕು.

ಕಾಲವನ್ನೂ ಅರಿತು ಹೋಗಬೇಕು. ಮಳೆಗಾಲದಲ್ಲಿ ಜೇಡಿ ಚಕ್ರಕ್ಕೂ ಚೌಕಟ್ಟಿಗೂ ನಡುವೆ ಮೆತ್ತಿಕೊಂಡು ಚಕ್ರವೇ ತಿರುಗದು. ಇಂಬಳಗಳ ಕಾಟ ಬೇರೆ. ಡಿಸೆಂಬರ್ ಕಳೆದು ಬೇಸಿಗೆಯವರೆಗೆ ಉಣ್ಣೆಗಳ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವುದು ಈ ಉಣ್ಣೆಗಳೇ. ಹೀಗಾಗಿ ಅಕ್ಟೋಬರ್ ಕೊನೆ ಮತ್ತು ನವೆಂಬರ್ ತಿಂಗಳೇ ನನ್ನ ಮೆಚ್ಚಿನ ಕಾಲ. ಮಣ್ಣು ಗಟ್ಟಿಯಾಗಿರುತ್ತದೆ, ಹಳ್ಳಗಳಲ್ಲಿ ನೀರಿರುತ್ತದೆ, ಬೆಳಗಿನ ಇಬ್ಬನಿಯ ಮೇಲೆ ಮಂಗಟ್ಟೆಯ ರೆಕ್ಕೆಯ ಸದ್ದು ಕೇಳುತ್ತದೆ. ಜೀಪಿನಲ್ಲಿ ಹೋದಷ್ಟು ವರ್ಷ ನಾನು ಆ ಸದ್ದನ್ನು ಒಮ್ಮೆಯೂ ಕೇಳಿರಲಿಲ್ಲ.

ಪ್ರಿಯ ಓದುಗರೇ, ಇಲ್ಲಿಯವರೆಗೆ ಹೇಳಿದ್ದು ನನ್ನ ಸುಖದ ಕಥೆ. ಇನ್ನು ಮುಂದಿನದು ನನ್ನ ತಪ್ಪಿನ ಕಥೆ.

ಹಿನ್ನೀರಿನ ಅಂಚಿನ ಒಂದು ಊರಿಗೆ ನಾನು ಮತ್ತೆ ಮತ್ತೆ ಹೋಗುತ್ತಿದ್ದೆ. ಹೆಸರು ಬೇಡ, ಹತ್ತಾರು ಮನೆಗಳ ಸಣ್ಣ ಊರು. ಟಾರು ರಸ್ತೆ ಮುಗಿದ ಮೇಲೆ ನಾಲ್ಕು ಕಿಲೋಮೀಟರ್ ಕಾಡಿನ ನಡುವೆ ಮಣ್ಣುದಾರಿ, ಎರಡು ಕಾಲುಸಂಕ. ನನ್ನ ಸೈಕಲಿಗೆ ಅದಕ್ಕಿಂತ ಸೊಗಸಾದ ದಾರಿ ಇರಲಿಲ್ಲ. ಕೊನೆಯ ಮನೆಯ ಜಗುಲಿಯಲ್ಲಿ ಕುಳಿತರೆ ಮಜ್ಜಿಗೆ ಬರುತ್ತಿತ್ತು. ಆ ಮನೆಯ ಅಜ್ಜ ಒಮ್ಮೆ ಸೈಕಲನ್ನು ತಟ್ಟಿ ನೋಡಿ, "ಎಷ್ಟು ಬಿತ್ತು ಫಾದರ್ ಇದಕ್ಕೆ?" ಎಂದು ಕೇಳಿದರು. ಒಂದು ಒಳ್ಳೆಯ ಹಸುವಿನ ಬೆಲೆ ಎಂದು ಹೇಳಲು ನಾಲಿಗೆ ಏಳಲಿಲ್ಲ. "ಅಕ್ಕನ ಮಗ ಕೊಟ್ಟದ್ದು" ಎಂದು ಜಾರಿಕೊಂಡೆ.

ಮರುವರ್ಷ ಊರಿನವರು ಒಂದು ಕೋರಿಕೆ ಇಟ್ಟರು. ರಸ್ತೆಯನ್ನು ಗಟ್ಟಿ ಮಾಡಿಸಲು, ಕಾಲುಸಂಕದ ಜಾಗದಲ್ಲಿ ಮೋರಿ ಕಟ್ಟಿಸಲು ಮನವಿ ಸಲ್ಲಿಸಬೇಕು. ನಿಮ್ಮ ಭಾಷೆ ಚೆನ್ನಾಗಿದೆ, ಬರೆದುಕೊಡಿ ಎಂದರು. ನಾನು ಬರೆದುಕೊಡುವ ಬದಲು ಉಪದೇಶ ಮಾಡಿದೆ. ರಸ್ತೆ ಬಂದರೆ ಪ್ರವಾಸಿಗರು ಬರುತ್ತಾರೆ, ಪ್ಲಾಸ್ಟಿಕ್ ಬರುತ್ತದೆ, ಮರ ಹೋಗುತ್ತದೆ, ಈ ಶಾಂತಿಯನ್ನು ಕಳೆದುಕೊಳ್ಳಬೇಡಿ ಎಂದೆ. ನನ್ನ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಬಾಗಿಲ ಬಳಿ ನಿಂತಿದ್ದ ಆ ಮನೆಯ ಸೊಸೆ ಮೆಲ್ಲಗೆ ಹೇಳಿದಳು: "ನಿಮಗೆ ಈ ರಸ್ತೆ ಚೆಂದವೇ ಫಾದರ್. ನೀವು ಸಂಜೆಗೆ ವಾಪಸ್ ಹೋಗ್ತೀರಿ. ನಮಗೆ ಮಳೆಗಾಲ ಪೂರ್ತಿ ಇದೇ ರಸ್ತೆ."

ಮಾತು ಚುಚ್ಚಿತು. ಆದರೂ ಕಾಗದ ಬರೆಯಲಿಲ್ಲ. ಇವತ್ತು ನಾಳೆ ಎನ್ನುತ್ತ ಮಳೆಗಾಲ ಬಂದೇಬಿಟ್ಟಿತು.

ಜುಲೈ ತಿಂಗಳ ಒಂದು ರಾತ್ರಿ ಆ ಊರಿನ ಗರ್ಭಿಣಿಯೊಬ್ಬಳಿಗೆ ನೋವು ಕಾಣಿಸಿಕೊಂಡಿತು. ಜೀಪು ಒಳಗೆ ಬರಲಾಗಲಿಲ್ಲ. ಕಂಬಳಿಯನ್ನು ಗಳುವಿಗೆ ಕಟ್ಟಿ ಜೋಲಿ ಮಾಡಿ, ನಾಲ್ವರು ಹೊತ್ತು, ಇಬ್ಬರು ದೀಪ ಹಿಡಿದು, ಉಕ್ಕುವ ಹಳ್ಳದ ಮೇಲಿನ ಆ ಕಾಲುಸಂಕವನ್ನು ದಾಟಿದರು. ಟಾರು ರಸ್ತೆ ಮುಟ್ಟಿ, ಜೀಪು ಏರಿ, ಆಸ್ಪತ್ರೆ ಇನ್ನೂ ದೂರವಿರುವಾಗಲೇ ಹೆರಿಗೆಯಾಯಿತು. ತಾಯಿ, ಮಗು ಇಬ್ಬರೂ ಉಳಿದರು. ಉಳಿಯದೆ ಹೋಗಿದ್ದರೆ ಇದನ್ನು ಬರೆಯುವ ಧೈರ್ಯ ನನಗಿರುತ್ತಿರಲಿಲ್ಲ.

ಸುದ್ದಿ ತಿಳಿದ ದಿನವೇ ಮನವಿ ಬರೆದೆ. ಎರಡು ಪುಟ, ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆಯನ್ನು ಕೊಡಲು ನಾನು ತೆಗೆದುಕೊಂಡದ್ದು ಏಳು ತಿಂಗಳು.

ಆಮೇಲೆ ಯೋಚಿಸಿದಂತೆಲ್ಲ ಒಂದು ವಿಷಯ ಸ್ಪಷ್ಟವಾಯಿತು. ದಾರಿಯ ಒರಟುತನ ಸುಖವಾಗುವುದು ಹಿಂತಿರುಗಿ ಹೋಗಬಲ್ಲವನಿಗೆ ಮಾತ್ರ. ಶರಾವತಿಯ ಜನರಿಗೆ ಇದು ಹಳೆಯ ಅನುಭವ. ನಾಡಿಗೆ ಬೆಳಕು ಕೊಡಲು ಸಾವಿರಾರು ಕುಟುಂಬಗಳು ಮನೆ, ಗದ್ದೆ ಮುಳುಗಿಸಿಕೊಂಡು ಎದ್ದುಹೋದವು. ಹಿನ್ನೀರಿನ ಆಚೆ ಉಳಿದವರು ದಶಕಗಳ ಕಾಲ ಲಾಂಚನ್ನು ಕಾದರು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಆ ಲಾಂಚಿನಲ್ಲಿ ದಾಟುವಾಗ ನಮ್ಮಂಥವರಿಗೆ ಅದು ವಿಹಾರ. ರಾತ್ರಿ ಹೊತ್ತು ರೋಗಿಯನ್ನು ದಡಕ್ಕೆ ತಂದು ನಿಂತವರಿಗೆ ಅದೇ ಗೋಡೆ. 2019ರಲ್ಲಿ ಅರಳಗೋಡು ಸುತ್ತಮುತ್ತ ಮಂಗನ ಕಾಯಿಲೆ ಜೀವಗಳನ್ನು ಬಲಿ ತೆಗೆದುಕೊಂಡಾಗ ರೋಗಿಗಳನ್ನು ಮಣಿಪಾಲದವರೆಗೆ ಒಯ್ಯಬೇಕಾಯಿತು. 2025ರ ಜುಲೈ 14ರಂದು, ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆ ಆ ಎರಡು ದಡಗಳ ನಡುವೆ ಸಂಚಾರಕ್ಕೆ ತೆರೆಯಿತು. ಇನ್ನು ಆ ಲಾಂಚಿನ ಪಯಣವಿಲ್ಲವಲ್ಲ ಎಂದು ಮರುಗಿದವರಲ್ಲಿ ನಾನೂ ಒಬ್ಬ. ಆದರೆ ಆ ಮರುಕವನ್ನು ದಡದಲ್ಲಿ ಕಾದು ನಿಂತವರ ಮುಂದೆ ಬಾಯಿಬಿಟ್ಟು ಹೇಳುವ ಹಕ್ಕು ನನಗಿಲ್ಲ.

ಹಾಗೆಂದು ಕಾಡಿನ ಎಲ್ಲ ದಾರಿಗಳಿಗೂ ಟಾರು ಬೀಳಲಿ ಎಂದು ನಾನು ಹೇಳುತ್ತಿಲ್ಲ. ಕಣಿವೆಯ ಕಾಡಿನಲ್ಲಿ ಸಿಂಗಳೀಕಗಳಿವೆ. ಮರದಿಂದ ಮರಕ್ಕೆ ಹಾರಿ ಬದುಕುವ ಅವಕ್ಕೆ ಅಗಲವಾದ ರಸ್ತೆ ಎಂದರೆ ಕತ್ತರಿಸಿದ ಸೇತುವೆ. ಪ್ರವಾಸಿಗರ ಅವಸರಕ್ಕಾಗಿ ಕಾಡನ್ನು ಸೀಳುವುದು ಬೇರೆ, ದಾರಿಯ ಕೊನೆಯಲ್ಲಿರುವ ಮನೆಗೆ ಮೋರಿ ಕಟ್ಟುವುದು ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ನನ್ನ ತಪ್ಪು. ಈಗ ಯಾವ ದಾರಿಯ ಬಗ್ಗೆ ಮಾತು ಬಂದರೂ ಮೊದಲು ಕೇಳುತ್ತೇನೆ: ಇದರ ಕೊನೆಯಲ್ಲಿ ಯಾರ ಮನೆ ಇದೆ? ಅವರು ಏನು ಹೇಳುತ್ತಾರೆ?

ಆ ಊರಿನ ಎರಡು ಹಳ್ಳಗಳಿಗೂ ಈಗ ಮೋರಿ ಬಂದಿದೆ. ನಾಲ್ಕರಲ್ಲಿ ಎರಡು ಕಿಲೋಮೀಟರಿಗೆ ಕಾಂಕ್ರೀಟು ಬಿದ್ದಿದೆ. ಉಳಿದದ್ದು ಇನ್ನೂ ಕೆಂಪು ಮಣ್ಣೇ. ಕಳೆದ ನವೆಂಬರಿನಲ್ಲಿ ಹೋದಾಗ ಏರಿನಲ್ಲಿ ಏದುಸಿರು ಬಿಡುತ್ತಿದ್ದ ನನ್ನನ್ನು ಶಾಲೆಯ ಸಮವಸ್ತ್ರ ತೊಟ್ಟ ಹುಡುಗಿಯೊಬ್ಬಳು ತನ್ನ ಹಳೆಯ ಸೈಕಲಿನಲ್ಲಿ ಹಿಂದೆ ಹಾಕಿ ಹೋದಳು. ಕೊನೆಯ ಮನೆಯ ಜಗುಲಿಯಲ್ಲಿ ಅದೇ ಮಜ್ಜಿಗೆ. ಅಜ್ಜ ಮತ್ತೆ ಸೈಕಲ್ ತಟ್ಟಿದರು. ಈ ಬಾರಿ ನಾನಾಗಿಯೇ ಅದರ ಬೆಲೆ ಹೇಳಿದೆ. ಅವರು ಕಣ್ಣರಳಿಸಿ, "ಅಷ್ಟು ದುಡ್ಡಿಗೆ ಇದು ಹಾಲೂ ಕೊಡಬೇಕಿತ್ತು ಫಾದರ್" ಎಂದು ನಕ್ಕರು. ಒಳಗಿನಿಂದ ಸೊಸೆಯ ನಗುವೂ ಕೇಳಿಸಿತು.

ನೀವೂ ಇಂಥ ದಾರಿಗಳಲ್ಲಿ ಹೋಗಿ ಬನ್ನಿ, ಪ್ರಿಯ ಓದುಗರೇ. ಕಾಲಿಗೂ ಮನಸ್ಸಿಗೂ ಅದು ಹಿತ. ಆದರೆ ಅರ್ಧದಲ್ಲೇ ಫೋಟೋ ತೆಗೆದು ಹಿಂತಿರುಗಬೇಡಿ. ಕೊನೆಯ ಮನೆಯವರೆಗೂ ಹೋಗಿ, ಜಗುಲಿಯಲ್ಲಿ ಸ್ವಲ್ಪ ಹೊತ್ತು ಕುಳಿತು ಬನ್ನಿ.