ಧನುಷ್ಕೋಟಿಯಲ್ಲಿ ಒಂದು ಪಾಠ

ಮಕ್ಕಳಿಗೆ ಭೂಗೋಳವನ್ನೂ ಚರಿತ್ರೆಯನ್ನೂ ಬೇರೆಬೇರೆ ಪುಸ್ತಕಗಳಿಂದ ಕಲಿಸುವುದು ವಾಡಿಕೆ. ಇವೆರಡನ್ನೂ ಒಂದೇ ತಾಣದಲ್ಲಿ ಕಾಣಿಸಬೇಕೆಂಬ ಗೃಹಸ್ಥರು ರಾಮೇಶ್ವರದ ಯಾತ್ರೆಯನ್ನು ಧನುಷ್ಕೋಟಿಯವರೆಗೂ ಬೆಳೆಸಬೇಕು.

ನಾವು ಅಲ್ಲಿಗೆ ಹೋದುದು ಬೆಳಗಿನ ಹೊತ್ತಿನಲ್ಲಿ. ಎಡಕ್ಕೆ ಪಾಕ್ ಕೊಲ್ಲಿ, ಬಲಕ್ಕೆ ಮನ್ನಾರ್ ಕೊಲ್ಲಿ. ನಡುವೆ ಕಿರಿದಾದ ಮರಳುನೆಲ. ಎದುರು ದಡದಲ್ಲಿರುವ ಶ್ರೀಲಂಕೆಯ ತಲೈಮನ್ನಾರಿಗೆ ಸುಮಾರು 30 ಕಿಲೋಮೀಟರು ಮಾತ್ರ. ನಡುವಣ ಮರಳುದಿಬ್ಬಗಳ ಸಾಲೇ ರಾಮಸೇತು. 1914ರಿಂದ ಇಲ್ಲಿಯವರೆಗೆ ರೈಲು ಬಂದು, ಮುಂದಕ್ಕೆ ಹಡಗು ಹೋಗುತ್ತಿದ್ದಿತು. 1964ರ ಡಿಸೆಂಬರಿನ ಚಂಡಮಾರುತವು ಊರನ್ನೇ ನುಂಗಿತು. ಮುರುಕು ಗೋಡೆಗಳು ಮಾತ್ರ ಉಳಿದಿವೆ.

ಅಶೋಕನ ಮಗಳು ಸಂಘಮಿತ್ರೆಯು ಬೋಧಿವೃಕ್ಷದ ಕೊಂಬೆಯನ್ನು ಕಡಲು ದಾಟಿಸಿ ಅನುರಾಧಪುರಕ್ಕೆ ಒಯ್ದಳೆಂಬ ಕಥೆಯನ್ನು ನನ್ನ ಮಗಳಿಗೆ ಹೇಳಿದೆನು. ಆ ಮರವನ್ನು ಅಲ್ಲಿ ಇಂದಿಗೂ ಪೂಜಿಸುವರೆಂದು ಕೇಳಿ ಅವಳು ಹಿಗ್ಗಿದಳು. ಬಳಿಕ ರಾಜರಾಜ ಚೋಳನ ದಿಗ್ವಿಜಯಕ್ಕೆ ಬಂದೆನು. ಅವನ ಸೇನೆಯು ಹಾಳುಗೆಡವಿದುದು ಅದೇ ಅನುರಾಧಪುರವನ್ನು.

"ಅಪ್ಪಾ, ಅಲ್ಲಿಯ ಮಕ್ಕಳೂ ಇದನ್ನು ದಿಗ್ವಿಜಯವೆಂದೇ ಓದುವರೇ?" ಎಂದಳು.

ನನ್ನ ನಾಲಗೆ ತಡೆಯಿತು. ಅಲ್ಲಿಯ ಮಕ್ಕಳಿಗೆ, 1070ರಲ್ಲಿ ಚೋಳರನ್ನು ಹೊರಗಟ್ಟಿದ ವಿಜಯಬಾಹುವೇ ವೀರನು. ಚೋಳರ ದಂಡು ಚಾಲುಕ್ಯರ ಕನ್ನಡನಾಡನ್ನೂ ಸುಲಿದುದನ್ನು ಅವಳಿಗೆ ಹೇಳಿದೆನು. ಅವಳು ಬಹಳ ಹೊತ್ತು ಎದುರಿನ ಕಡಲನ್ನೇ ನೋಡುತ್ತ ನಿಂತಳು.

ಮನೆಗೆ ಬಂದಮೇಲೆ ತನ್ನ ನಕ್ಷೆಯಲ್ಲಿ ಧನುಷ್ಕೋಟಿಯೊಡನೆ ಅನುರಾಧಪುರವನ್ನೂ ಗುರುತಿಸಿದಳು. ನೆರೆನಾಡಿನ ಪಾಠವನ್ನು ಅಲ್ಲಿಯವರ ದಡದಿಂದಲೂ ಹೇಳಿಕೊಡುವುದು ತಂದೆತಾಯಿಗಳ ಕರ್ತವ್ಯವಲ್ಲವೆ?